ಗೋಡೆಯ ಮೇಲಿನ ಎಂಟು ಸಾಲು

ಸ್ಯಾನ್ ಹೊಸೆಯ ನಮ್ಮ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ, ಗೋಡೆಯ ಫೋನಿನ ಪಕ್ಕ, ನನ್ನ ಮಗಳ ಕಣ್ಣಿನ ಎತ್ತರಕ್ಕೆ ಸರಿಯಾಗಿ ಒಂದು ಕಾಗದ ಅಂಟಿಸಿದ್ದೆ. ಅದರಲ್ಲಿ ಎಂಟು ಸಾಲು ಕನ್ನಡವಿತ್ತು, ಇಂಗ್ಲಿಷ್ ಅಕ್ಷರಗಳಲ್ಲಿ. ನಮಸ್ಕಾರ ಅಜ್ಜಿ. ಹೇಗಿದ್ದೀರಾ. ಊಟ ಆಯ್ತಾ. ನಾನು ಚೆನ್ನಾಗಿದ್ದೀನಿ. ಸ್ಕೂಲು ಚೆನ್ನಾಗಿದೆ. ಹೌದಾ, ತುಂಬಾ ಸಂತೋಷ. ನಿಮ್ಮ ಆಶೀರ್ವಾದ ಇರಲಿ. ಅಮ್ಮನಿಗೆ ಫೋನ್ ಕೊಡ್ತೀನಿ. ಇವುಗಳಲ್ಲಿ ಆರನೆಯ ಸಾಲಿನ ಬಗ್ಗೆ ನನಗೆ ವಿಶೇಷ ಹೆಮ್ಮೆ. ಆ ಕಡೆಯವರು ಏನೇ ಹೇಳಿ ಉಸಿರು ತೆಗೆದುಕೊಳ್ಳಲು ನಿಂತರೂ ಅಲ್ಲಿ ಅದನ್ನು ಹಾಕಿಬಿಡಬಹುದಿತ್ತು. ಮಗುವಿಗೆ ಏನೂ ತಿಳಿಯಬೇಕಾಗಿರಲಿಲ್ಲ.

ಫೋನು ಮಾಡುತ್ತಿದ್ದದ್ದು ಶನಿವಾರ ಸಂಜೆ, ಹುಬ್ಬಳ್ಳಿಯಲ್ಲಿ ಆಗ ಭಾನುವಾರದ ಬೆಳಗು. ಕಾಲಿಂಗ್ ಕಾರ್ಡಿನ ಹಿಂದಿನ ಉದ್ದದ ನಂಬರು ಒತ್ತಿ, ಎಷ್ಟು ನಿಮಿಷ ಉಳಿದಿದೆ ಎಂದು ಒಬ್ಬ ಹೆಂಗಸು ಧ್ವನಿಮುದ್ರಿತ ಗಂಟಲಿನಲ್ಲಿ ಹೇಳುವುದನ್ನು ಕೇಳಿಸಿಕೊಂಡು, ಮೊದಲು ನಾನು ಅವ್ವನ ಹತ್ತಿರ ಮಾತಾಡುತ್ತಿದ್ದೆ. ಆಮೇಲೆ ಮಗಳ ಕೈಗೆ ಫೋನು ಕೊಟ್ಟು ಒಲೆಯ ಕಡೆ ತಿರುಗುತ್ತಿದ್ದೆ. ಅವಳು ಕಾಗದ ನೋಡಿಕೊಂಡು, ರೈಲ್ವೆ ಸ್ಟೇಷನ್ನಿನ ಪ್ರಕಟಣೆಯ ಧಾಟಿಯಲ್ಲಿ, ಒಂದಾದ ಮೇಲೆ ಒಂದು ಓದುತ್ತಿದ್ದಳು. ನನ್ನ ಎದೆ ಉಬ್ಬುತ್ತಿತ್ತು. ಆ ವರ್ಷಗಳಲ್ಲಿ ನನಗೆ ಸುತ್ತಲಿನ ಎಲ್ಲರ ಮೇಲೂ ತಾತ್ಸಾರವಿತ್ತು. ಅದರಲ್ಲಿ ಬಹುಪಾಲು ಈಗಲೂ ಇದೆ, ಹಿಂದೆಗೆದುಕೊಳ್ಳುವ ಉದ್ದೇಶವೂ ಇಲ್ಲ. ಆದರೆ ಆ ಕಾಗದದ ಕತೆಯನ್ನು ನೆಟ್ಟಗೆ ಹೇಳಬೇಕು.

ಮಗಳಿಗೆ ಮೂರು ತುಂಬಿದಾಗ ಒಂದು ಪ್ರೀಸ್ಕೂಲಿಗೆ ಸೇರಿಸಿದೆವು. ಅಲ್ಲಿಯವರೆಗೆ ಮನೆಯಲ್ಲಿ ಕನ್ನಡವೇ. ಅಲ್ಲಿ ಅವಳು ಎರಡು ತಿಂಗಳು ಬಾಯಿ ಬಿಡಲಿಲ್ಲ. ಯಾರು ತಾನೇ ಬಿಡುತ್ತಾರೆ? ಗುರುತಿಲ್ಲದ ಹದಿನೈದು ಮಕ್ಕಳ ನಡುವೆ ಕೂರಿಸಿದರೆ ನಾನೂ ಬಾಯಿ ಬಿಡುತ್ತಿರಲಿಲ್ಲ. ಟೀಚರು ನಮ್ಮನ್ನು ಕರೆಸಿ, ಸಣ್ಣ ಮಕ್ಕಳ ಕುರ್ಚಿಯಲ್ಲಿ ಕೂರಿಸಿ, ಎರಡು ಭಾಷೆಯಿಂದ ಮಗುವಿಗೆ ಗೊಂದಲವಾಗುತ್ತಿದೆ, ಮನೆಯಲ್ಲಿ ಇಂಗ್ಲಿಷೇ ಮಾತಾಡಿ ಎಂದರು. ಒಂದೇ ಭಾಷೆಯಲ್ಲಿ ಬದುಕು ಮುಗಿಸುವ ಹೆಂಗಸು ಎರಡು ಭಾಷೆಯ ಬಗ್ಗೆ ಅಷ್ಟು ಖಚಿತವಾಗಿ ಮಾತಾಡಿದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಆದರೆ ಅವರ ಮೇಲೆ ಹಾರಾಡಿ ಪ್ರಯೋಜನವಿಲ್ಲ. ಅವರು ಹೇಳಿದರು, ನಾವು ಕೇಳಿದೆವು. ಹುಬ್ಬಳ್ಳಿಯ ಓಣಿಯಲ್ಲಿ ಕನ್ನಡ, ಮರಾಠಿ, ಉರ್ದು ಮೂರನ್ನೂ ಆಟವಾಡುತ್ತಲೇ ಕಲಿತು ಬೆಳೆದವಳು ನಾನು. ನನಗೆಂದೂ ಗೊಂದಲವಾಗಿರಲಿಲ್ಲ. ಅದನ್ನು ಹೇಳಬಹುದಿತ್ತು. ಆ ಚಿಕ್ಕ ಕುರ್ಚಿಯಲ್ಲಿ ಮೊಣಕಾಲು ಮಡಿಸಿಕೊಂಡು ಎಸ್, ಎಸ್ ಎಂದು ತಲೆಯಾಡಿಸಿದೆ.

ಕಾರಿನಲ್ಲಿ ನನ್ನ ಗಂಡ, "ಟೀಚರ್ ಹೇಳಿದ್ಮೇಲೆ ಮುಗೀತು. ಅವ್ರಿಗೆ ನಮಗಿಂತ ಜಾಸ್ತಿ ಗೊತ್ತಿರುತ್ತೆ" ಎಂದರು.

ಗಂಡನ ಬಗ್ಗೆ ಎರಡು ಮಾತು. ಬೆಂಗಳೂರಿನವರು, ಎಂಜಿನಿಯರು, ಕೆಟ್ಟವರಲ್ಲ. ಆಗ ಅವರು ಕೆಲಸ ಮಾಡುತ್ತಿದ್ದ ಕಂಪನಿ ಏನು ತಯಾರಿಸುತ್ತದೆ ಎಂದು ನಾನು ಮೂರು ಸಲ ಕೇಳಿದ್ದೆ, ಮೂರು ಬೇರೆ ಬೇರೆ ಉತ್ತರ ಬಂದಿತ್ತು. ವರ್ಷ ತಿರುಗುವುದರೊಳಗೆ ಕಂಪನಿ ಬದಲಾಗುತ್ತಿತ್ತು, ಹೊಸ ಹೆಸರಿನ ಟೀ ಶರ್ಟು ಮನೆಗೆ ಬರುತ್ತಿತ್ತು. ನಮ್ಮ ಮನೆಯ ಒಲೆ ಒರೆಸುವ ಬಟ್ಟೆಗಳೆಲ್ಲ ಮುಚ್ಚಿಹೋದ ಕಂಪನಿಗಳ ಟೀ ಶರ್ಟುಗಳೇ. ಇಂಥ ಮನುಷ್ಯ ಯಾರಾದರೂ ಗಟ್ಟಿಯಾಗಿ ಒಂದು ಮಾತು ಹೇಳಿದರೆ ನಂಬುವುದು ಸಹಜ.

ಅಂದಿನಿಂದ ನಮ್ಮ ಮನೆಯಲ್ಲಿ ಇಂಗ್ಲಿಷು. ಎಂಥ ಇಂಗ್ಲಿಷು ಅಂತೀರಿ! ಜೋಗುಳ ಹೇಳಲು ಬಾರದ, ಬೈಯಲು ಬಾರದ, ಮುದ್ದು ಮಾಡಲು ಬಾರದ ಇಂಗ್ಲಿಷು. "ಈಟ್ ದ ರೈಸ್. ಫಿನಿಶ್ ದ ರೈಸ್. ವೈ ಯು ಆರ್ ನಾಟ್ ಫಿನಿಶಿಂಗ್?" ಎಂದು ನಾನು, "ಗೋ ಬ್ರಷ್, ಗೋ ಬ್ರಷ್" ಎಂದು ಅವರು. ಆಫೀಸಿನ ಮೀಟಿಂಗಿಗೆ ಸಾಲುವಷ್ಟು ಭಾಷೆಯಲ್ಲಿ ಒಂದು ಮಗುವನ್ನು ಬೆಳೆಸಲು ಹೊರಟಿದ್ದೆವು. ಮಗಳು ಆರು ತಿಂಗಳಲ್ಲಿ ನಮ್ಮಿಬ್ಬರನ್ನೂ ದಾಟಿಹೋದಳು, ನಾಲ್ಕನೇ ವರ್ಷಕ್ಕೆ ನಮ್ಮನ್ನು ತಿದ್ದತೊಡಗಿದಳು. ನಾವು ಅದನ್ನೂ ನೆಂಟರೆದುರು ಹೇಳಿಕೊಂಡು ಮೆರೆದೆವು.

ಅದೇ ಹೊತ್ತಿಗೆ ನನಗೆ ಒಂದು ಸಾಫ್ಟ್‌ವೇರ್ ಟೆಸ್ಟಿಂಗಿನ ಕೆಲಸ ಸಿಕ್ಕಿತು. ಮಧ್ಯಾಹ್ನದಿಂದ ಸಂಜೆ ಆರರವರೆಗೆ ಮಗಳನ್ನು ಯಾರಾದರೂ ನೋಡಿಕೊಳ್ಳಬೇಕಿತ್ತು. ನಮ್ಮ ಕೆಳಗಿನ ಮನೆಯಲ್ಲಿ ಹುಬ್ಬಳ್ಳಿಯ ಒಂದು ಮುಸ್ಲಿಂ ಕುಟುಂಬವಿತ್ತು. ಗಂಡನಿಗೆ ಸಣ್ಣ ಗ್ರೋಸರಿ ಅಂಗಡಿ, ಹೆಂಡತಿ ಮನೆಯಲ್ಲೇ ನಾಲ್ಕೈದು ಮಕ್ಕಳಿಗೆ ಡೇಕೇರು ನಡೆಸುತ್ತಿದ್ದಳು. ನನಗಿಂತ ಐದಾರು ವರ್ಷ ಚಿಕ್ಕವಳು. ಊರಿನವಳೆಂದು ನನಗೆ ಸಂತೋಷವಾಗಬೇಕಿತ್ತು. ಆದರೆ ಬೆಂಗಳೂರಿನವರ ಮನೆ ಸೇರಿ ಏಳೆಂಟು ವರ್ಷ ಕಷ್ಟಪಟ್ಟು ನನ್ನ ನಾಲಿಗೆಯ ಮೇಲಿನ ಹುಬ್ಬಳ್ಳಿಯನ್ನು ಉಜ್ಜಿ ತೊಳೆದಿದ್ದೆ. ಅವಳು ಬಾಯಿ ತೆರೆದರೆ ಸಾಕು, ಆ ತೊಳೆದದ್ದೆಲ್ಲ ಕಣ್ಣೆದುರು ಬಂದು ನಿಲ್ಲುತ್ತಿತ್ತು.

ಅವಳ ಮನೆಯ ಮಾತೋ, ದೇವರಿಗೇ ಪ್ರೀತಿ. ತನ್ನ ಮಕ್ಕಳ ಜೊತೆ ಉರ್ದು, ಗಂಡನ ಜೊತೆ ಉರ್ದು ಕನ್ನಡ ಎರಡೂ, ಎದುರುಮನೆಯ ಮೆಕ್ಸಿಕನ್ ಅಜ್ಜಿಯ ಜೊತೆ ಅವಳೇ ಕಟ್ಟಿಕೊಂಡ ಒಂದು ಸ್ಪ್ಯಾನಿಷ್ಷು, ನನ್ನ ಮಗಳ ಜೊತೆ ಅಚ್ಚ ಹುಬ್ಬಳ್ಳಿ ಕನ್ನಡ. "ಏ ಕೂಸ, ಚಪ್ಲಿ ಹೊರಗ ಬಿಡು. ಹಸಿವಾಗೇತೇನು? ಬಾ, ರೊಟ್ಟಿಗೆ ಬೆಣ್ಣಿ ಹಚ್ಚಿ ಕೊಡ್ತೀನಿ." ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಇವಳು ಕನ್ನಡದಲ್ಲಿ ಮುಂದುವರಿಸುತ್ತಿದ್ದಳು. ಇಬ್ಬರಿಗೂ ಏನೂ ಅಡಚಣೆ ಇದ್ದಂತೆ ಕಾಣುತ್ತಿರಲಿಲ್ಲ. ಸಂಜೆ ಬಾಗಿಲಲ್ಲಿ ನಿಂತು ಇದನ್ನು ಕೇಳಿ ನಾನು ಮೂಗು ಮುರಿಯುತ್ತಿದ್ದೆ. ಇದೂ ಒಂದು ಮಾತುಕತೆಯೇ? ಒಂದು ದಿನ ಹೇಳಿಯೂ ಹೇಳಿದೆ, "ನೋಡಮ್ಮ, ಒಂದೋ ಇಂಗ್ಲಿಷ್ ಮಾತಾಡು, ಇಲ್ಲಾ ಸರಿಯಾದ ಕನ್ನಡ ಮಾತಾಡು. ಮಗುಗೆ ಕನ್‌ಫ್ಯೂಸ್ ಆಗುತ್ತೆ."

ಅವಳು ನಕ್ಕಳು. "ಯಾಕ ಆಗತೈತ್ರಿ ಅಕ್ಕಾ? ಆಕಿ ಎಲ್ಲಾ ತಿಳಕೊಂತಾಳ. ದೊಡ್ಡಾವ್ರಿಗೆ ಆಗತೈತಿ ನೋಡ್ರಿ ಕನ್‌ಫ್ಯೂಸು."

ಓದಿಲ್ಲದವಳ ಮಾತು ಎಂದು ನಾನು ಅದನ್ನು ಅಲ್ಲೇ ಬಿಟ್ಟೆ.

ಮಗಳಿಗೆ ಐದಾದಾಗ, ನಮ್ಮ ಹತ್ತಿರದ ಡಬ್ಲಿನ್ ಎಂಬ ಊರಿನ ಒಂದು ಹೊಸ ಮನೆಯಲ್ಲಿ, ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ಕು. ಬೆಂಗಳೂರು, ಮೈಸೂರಿನ ಹದಿನೈದು ಇಪ್ಪತ್ತು ಸಂಸಾರ. ಕಾರ್ಪೆಟ್ಟಿನ ಹೊಸ ವಾಸನೆ, ಅಲ್ಯೂಮಿನಿಯಂ ಟ್ರೇಗಳಲ್ಲಿ ಬಿಸಿಬೇಳೆಬಾತು, ಗಂಡಸರ ಗುಂಪಿನಲ್ಲಿ ಯಾವ ಕಂಪನಿ ಯಾವಾಗ ಪಬ್ಲಿಕ್ ಆಗುತ್ತದೆ, ಷೇರಿಗೆ ಎಷ್ಟು ಬೆಲೆ ಬರುತ್ತದೆ ಎಂಬ ಒಂದೇ ಚರ್ಚೆ. ಹೆಂಗಸರ ಗುಂಪಿನಲ್ಲಿ ಮಕ್ಕಳ ಪ್ರದರ್ಶನ. ಒಬ್ಬೊಬ್ಬ ತಾಯಿಯೂ ತನ್ನ ಕೂಸನ್ನು ಮುಂದೆ ತಳ್ಳಿ, "ಆಂಟಿಗೆ ನಮಸ್ಕಾರ ಹೇಳು ಪುಟ್ಟಾ, ಹೇಳು, ಸೇ ಇಟ್" ಎನ್ನುವುದು. ಮಗು ಎರಡೂ ಕೈ ಜೋಡಿಸಿ "ನಮಸ್ಕಾರಾ" ಎಂದು ಉಗುಳಿ ವಿಡಿಯೋ ಗೇಮಿನ ಕೋಣೆಗೆ ಓಡುವುದು. ತಾಯಿ ಗೆದ್ದವಳ ಮುಖ ಹೊತ್ತು ಸುತ್ತ ನೋಡುವುದು. "ಅವಳಿಗೆ ಎಲ್ಲಾ ಅರ್ಥ ಆಗುತ್ತೆ ಕಣ್ರೀ, ಮಾತಾಡಲ್ಲ ಅಷ್ಟೇ" ಎಂದು ಪ್ರತಿಯೊಬ್ಬಳೂ ಹೇಳುತ್ತಿದ್ದಳು. ಸುಳ್ಳಿಗೂ ಒಂದು ಮಿತಿ ಬೇಡವೇ ಎಂದು ನಾನು ಮನಸ್ಸಿನಲ್ಲೇ ಹಲ್ಲು ಕಡಿಯುತ್ತಿದ್ದೆ.

ಆಗ ಮನೆಯೊಡತಿ ನನ್ನ ಮಗಳಿಗೆ ಜಾಮೂನು ಹಾಕಲು ಬಂದರು. ಮಗಳು ತಟ್ಟೆಯ ಮೇಲೆ ಕೈ ಅಡ್ಡ ಇಟ್ಟು, "ನಂಗ ಬ್ಯಾಡ" ಎಂದಳು.

ಎರಡು ವರ್ಷದಲ್ಲಿ ಅವಳ ಬಾಯಿಂದ ನಾನು ಕೇಳಿದ ಮೊದಲ ಕನ್ನಡ ಅದು. ಯಾರೂ ಹೇಳಿಸದೆ, ಯಾರೂ ತಳ್ಳದೆ, ಅವಳಾಗಿಯೇ ಆಡಿದ್ದು. ಆ ಇಡೀ ಮನೆಯಲ್ಲಿ ಆ ದಿನ ಯಾವ ಮಗುವಾದರೂ ಬೇಕಾಗಿ ಆಡಿದ ಕನ್ನಡ ಅದೊಂದೇ. ಮನೆಯೊಡತಿ ಚಮಚ ಹಿಡಿದುಕೊಂಡೇ ಕಿರುಚಿದರು, "ಅಯ್ಯೋ, ಸೋ ಕ್ಯೂಟ್! ಹುಬ್ಳಿ ಕನ್ನಡ ಮಾತಾಡ್ತಾಳೆ ಕಣ್ರೇ! ಇನ್ನೊಂದ್ಸಲ ಹೇಳು ಪುಟ್ಟಾ, ಬ್ಯಾಡಾ ಅನ್ನು!" ಹತ್ತು ಹೆಂಗಸರು ಸುತ್ತ ಸೇರಿದರು. "ಬ್ಯಾಡಾ, ಬ್ಯಾಡಾ" ಎಂದು ತಾವೇ ಹೇಳಿ ತಾವೇ ನಕ್ಕರು. ನನ್ನ ಗಂಡನೂ ಆ ಕಡೆಯಿಂದ ನಕ್ಕರು. ಮಗಳು ನನ್ನ ಮುಖ ನೋಡಿದಳು.

ನಾನೇನು ಮಾಡಬೇಕಿತ್ತು ಎಂದು ಈಗ ಗೊತ್ತು. ಆಗ ಮಾಡಿದ್ದು ಬೇರೆ. ನಾಚಿಕೆಯಿಂದ ಕಿವಿಯವರೆಗೂ ಕೆಂಪಾಗಿ, ಎಲ್ಲರೆದುರಿಗೇ, "ಹಾಗನ್ಬಾರ್ದು. 'ನನಗೆ ಬೇಡ' ಅನ್ಬೇಕು" ಎಂದೆ. ಕಾರಿನಲ್ಲಿ ಕೂತಮೇಲೆ ಇನ್ನೂ ಎರಡು ಸಲ ಹೇಳಿಕೊಟ್ಟೆ. ಫ್ರೀವೇ ಮುಗಿಯುವವರೆಗೂ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅದಾದ ಮೇಲೆ ಅವಳು ಸರಿಯಾದ ಕನ್ನಡವನ್ನೂ ಆಡಲಿಲ್ಲ, ತಪ್ಪು ಕನ್ನಡವನ್ನೂ ಆಡಲಿಲ್ಲ.

ಮುಂದಿನ ವಾರ ನಾನು ಆ ಕಾಗದ ಬರೆದೆ. ಮಗಳ ಬಾಯಲ್ಲಿ ಶುದ್ಧವಾದ ಬೆಂಗಳೂರು ಕನ್ನಡ ಬರಬೇಕು, ನಾಳೆ ಯಾರೂ ನಗಬಾರದು, ಇತ್ತ ಅಜ್ಜಿಗೂ ಖುಷಿಯಾಗಬೇಕು. ಎಲ್ಲಕ್ಕೂ ಒಂದೇ ಮದ್ದು ಎಂದುಕೊಂಡೆ. ಮೂರು ಶನಿವಾರದಲ್ಲಿ ಅವಳು ತಡವರಿಸದೆ ಓದತೊಡಗಿದಳು. ಇದನ್ನು ನೋಡಿದ ಒಬ್ಬ ಗೆಳತಿ ಒಂದು ಪ್ರತಿ ಕೇಳಿದಳು. ಅವಳ ಗಂಡ ಆಫೀಸಿನ ಝೆರಾಕ್ಸ್ ಮಷೀನಿನಲ್ಲಿ ಐವತ್ತು ಪ್ರತಿ ತೆಗೆದ. ಆಮೇಲೆ ನಾನು ಹೋದ ಮನೆಯಲ್ಲೆಲ್ಲ, ಫೋನಿನ ಪಕ್ಕದಲ್ಲೋ ಫ್ರಿಜ್ಜಿನ ಮೇಲೋ, ನನ್ನ ಕೈಬರಹದ ಎಂಟು ಸಾಲು. ಯಾರೋ ಅದಕ್ಕೆ ಅಜ್ಜಿ ಇರುವಲ್ಲಿ ತಾತ ಎಂದು ಹಾಕಿ ಎರಡನೆಯ ಆವೃತ್ತಿಯನ್ನೂ ಮಾಡಿದ್ದರು. ಭಾನುವಾರ ಬೆಳಗ್ಗೆ ಜಯನಗರದಿಂದ ಹಿಡಿದು ಬೆಳಗಾವಿಯವರೆಗೆ ಅಜ್ಜಿಯರೆಲ್ಲ ಒಂದೇ ಹೊತ್ತಿಗೆ, ಒಂದೇ ಕ್ರಮದಲ್ಲಿ, ಊಟ ಆಯ್ತಾ ಎಂದು ಕೇಳಿಸಿಕೊಳ್ಳುತ್ತಿದ್ದರು. ಬೆಳಗಿನ ಏಳೂವರೆಗೆ ಯಾರ ಊಟ ಆಗಿರುತ್ತದೆ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಇಷ್ಟು ಓದಿದ, ಇಷ್ಟು ಬುದ್ಧಿವಂತ ಜನ, ದಿನವಿಡೀ ಯಂತ್ರಗಳ ತಪ್ಪು ಹುಡುಕುವ ಜನ, ತಮ್ಮ ಮಕ್ಕಳನ್ನು ಉತ್ತರಿಸುವ ಯಂತ್ರ ಮಾಡಿ ಕೂತಿದ್ದೆವು. ನನಗಂತೂ ಒಂದು ಗ್ರಂಥ ಬರೆದಷ್ಟು ಜಂಬ.

ಅವ್ವನ ಬಗ್ಗೆ ಹೇಳಬೇಕು. ಅವ್ವ ಹುಬ್ಬಳ್ಳಿಯಲ್ಲಿ ನನ್ನ ಅಣ್ಣ ಅತ್ತಿಗೆಯ ಜೊತೆ ಇದ್ದಳು. ನಲವತ್ತು ವರ್ಷದಿಂದ ಬ್ಲೌಸು ಹೊಲಿಯುವವಳು. ಓಣಿಯ ಮೂರು ತಲೆಮಾರಿನ ಹೆಂಗಸರ ಅಳತೆ ಅವಳ ಬಾಯಲ್ಲಿತ್ತು. ಬೇಡ ಎಂದರೂ ಕೇಳುತ್ತಿರಲಿಲ್ಲ. ಮುಂಬಾಗಿಲ ಪಕ್ಕ ಬೆಳಕು ಬೀಳುವಲ್ಲಿ ಮಿಷನ್ನು ಹಾಕಿಕೊಂಡು, ಹೋಗಿ ಬರುವವರನ್ನೆಲ್ಲ ಮಾತಾಡಿಸುತ್ತ ಹೊಲಿಯುತ್ತಿದ್ದಳು. ಅಣ್ಣನಿಗೆ ಅದು ಹಿಡಿಸದು. ಮನೆಯ ಮರ್ಯಾದೆಯ ಪ್ರಶ್ನೆ ಎನ್ನುತ್ತಿದ್ದ. ಏನಾದರೂ ನೆಪ ಸಿಕ್ಕರೆ ಮಿಷನ್ನನ್ನು ಸಾಗಹಾಕಲು ಕಾದಿದ್ದ.

ಫೋನಿನಲ್ಲಿ ಮಗಳು ಎಂಟು ಸಾಲನ್ನು ಓದಿ ಮುಗಿಸಲು ಅರ್ಧ ನಿಮಿಷ ಸಾಕಿತ್ತು. ಆದರೆ ಅವಳು ಹತ್ತು ಹನ್ನೆರಡು ನಿಮಿಷ ಫೋನನ್ನು ಕಿವಿಗೆ ಒತ್ತಿಕೊಂಡು ನಿಂತಿರುತ್ತಿದ್ದಳು. ಸುರುಳಿ ವೈರನ್ನು ಬೆರಳಿಗೆ ಸುತ್ತುತ್ತ, ಆಗೊಮ್ಮೆ ಈಗೊಮ್ಮೆ ಒಂದು ಸಾಲು ಹೇಳುತ್ತ. ಆ ಕಡೆಯಿಂದ ಅವ್ವನ ಮಾತು ಸಣ್ಣಗೆ, ಬಿಡುವಿಲ್ಲದೆ ಕೇಳುತ್ತಿತ್ತು. ಒಮ್ಮೆ ನಾನು ಫೋನು ತೆಗೆದುಕೊಂಡು, "ಏನು ಅಷ್ಟೊತ್ತು ಮಾತಾಡ್ತೀರಾ ಅವಳ ಹತ್ರ? ಅವಳಿಗೇನೂ ಅರ್ಥ ಆಗಲ್ಲ" ಎಂದೆ.

"ಗೊತ್ತೈತಿ" ಎಂದಳು ಅವ್ವ. "ಅದಕ್ಕ ಮಾತಾಡತೀನಿ."

ನಾನು ನಕ್ಕುಬಿಟ್ಟೆ. ಗೋಡೆಯ ಜೊತೆ ಮಾತಾಡುವ ವಯಸ್ಸು ಬಂತು ಎಂದು ಗಂಡನೆದುರು ಆಡಿಕೊಂಡೆ ಕೂಡ.

ಹೀಗೆ ಎರಡು ವರ್ಷ ನಡೆಯಿತು. ಮಗಳಿಗೆ ಏಳು ತುಂಬಿದ ಚಳಿಗಾಲದಲ್ಲಿ ಕೆಳಗಿನ ಮನೆಯವಳು ತಮ್ಮನ ಮದುವೆಗೆಂದು ಹುಬ್ಬಳ್ಳಿಗೆ ಹೊರಟಳು. ಊರಿಗೆ ಯಾರೇ ಹೊರಟರೂ ಅವರ ಪೆಟ್ಟಿಗೆಯಲ್ಲಿ ನಮ್ಮದೂ ಒಂದು ಗಂಟು ತುರುಕುವುದು ನಮ್ಮ ಜನರ ಹುಟ್ಟುಗುಣ. ಬಾದಾಮಿ, ಚಾಕೊಲೇಟು, ಕೈಕಾಲಿಗೆ ಹಚ್ಚುವ ಲೋಷನ್ನು, ಅತ್ತಿಗೆಗೆ ಒಂದು ಹ್ಯಾಂಡ್‌ಬ್ಯಾಗು ಎಲ್ಲ ಸೇರಿಸಿ ಕವರಿನಲ್ಲಿ ಹಾಕಿಟ್ಟಿದ್ದೆ. ಭಾನುವಾರ ಅದನ್ನು ಕೆಳಗೆ ಕೊಡುವ ಮೊದಲು ಇನ್ನೊಮ್ಮೆ ನೋಡಿದರೆ, ಬಾದಾಮಿಯ ಪೊಟ್ಟಣದ ಅಡಿಯಲ್ಲಿ ಮಗಳ ಭೂತಗನ್ನಡಿ. ಹುಟ್ಟುಹಬ್ಬಕ್ಕೆ ಬಂದಿದ್ದ ಸೈನ್ಸ್ ಕಿಟ್ಟಿನದು, ನೀಲಿ ಹಿಡಿಯದು, ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ.

ಕರೆದು ಕೇಳಿದೆ. ಉತ್ತರವೆಲ್ಲ ಇಂಗ್ಲಿಷಿನಲ್ಲಿ ಬಂತು, ಅವಳ ಎಂದಿನ ಶಾಂತವಾದ, ನಮ್ಮನ್ನು ತಿದ್ದುವ ಇಂಗ್ಲಿಷಿನಲ್ಲಿ. ಅದು ಅಜ್ಜಿಗೆ ಎಂದಳು. ಅಜ್ಜಿಗೆ ಯಾಕೆ ಎಂದೆ. ಅಜ್ಜಿಗೆ ಎಡಗಣ್ಣು ಕಾಣುವುದಿಲ್ಲ ಎಂದಳು. ಮೊದಲು ಮಂಜು ಇದ್ದಂತೆ ಇತ್ತಂತೆ, ಈಗ ಹಾಲು ಚೆಲ್ಲಿದ ಹಾಗಂತೆ. ಬಲಗಣ್ಣೂ ಶುರುವಾಗಿದೆ. ಪಕ್ಕದ ಮನೆಯ ಅಕ್ಕ ಬೆಳಗ್ಗೆ ಬಂದು ಹತ್ತು ಸೂಜಿಗೆ ದಾರ ಪೋಣಿಸಿಟ್ಟು ಹೋಗುತ್ತಾಳೆ. ದೀಪಾವಳಿಯ ವಾರ ಮಿಷನ್ನಿನ ಸೂಜಿ ಬೆರಳೊಳಗೆ ಹೋಯಿತು, ಅಜ್ಜಿ ಅದನ್ನು ತಾನೇ ಕಿತ್ತು ಅರಿಶಿಣ ಒತ್ತಿಕೊಂಡಳು. ಮಾವನಿಗೆ ಗೊತ್ತಾದರೆ ಮಿಷನ್ನು ಯಾರಿಗಾದರೂ ಕೊಟ್ಟುಬಿಡುತ್ತಾನೆ. ಅಮ್ಮನಿಗೆ ಹೇಳಿದರೆ ಅಮ್ಮ ಮಾವನಿಗೆ ಹೇಳುತ್ತಾಳೆ. ಮಿಷನ್ನು ಹೋದರೆ ಬಾಗಿಲ ಹತ್ತಿರ ಕೂರಲು ಕಾರಣವೇ ಇರುವುದಿಲ್ಲ, ಯಾರ ಹತ್ತಿರ ಮಾತಾಡುವುದು?

ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಎರಡು ವರ್ಷದಿಂದ ಪ್ರತಿ ವಾರ ನನ್ನ ಬೆನ್ನ ಹಿಂದೆ, ಎರಡು ಗಜ ದೂರದಲ್ಲಿ, ಈ ಮಾತೆಲ್ಲ ನಡೆದಿತ್ತು. ನಾನು ಒಗ್ಗರಣೆ ಹಾಕುತ್ತಿದ್ದೆ.

"ನಿನಗೆ ಹೇಗೆ ಗೊತ್ತಾಯಿತು?" ಎಂದು ಕೇಳಿದ್ದು ನೆನೆದರೆ ನನ್ನ ಮೇಲೇ ಅಸಹ್ಯ ಹುಟ್ಟುತ್ತದೆ. ಅವಳೂ ಹಾಗೆಯೇ ನೋಡಿದಳು. ಅಜ್ಜಿ ಹೇಳಿದರು, ಕೆಳಗಿನ ಆಂಟಿಯೂ ಅದೇ ತರ ಮಾತಾಡುತ್ತಾರಲ್ಲ ಎಂದಳು.

"ಮತ್ತೆ ನೀನು ಅಜ್ಜಿಗೆ ಏನಂತ ಉತ್ತರ ಕೊಟ್ಟೆ? ತುಂಬಾ ಸಂತೋಷ ಅಂದೆಯಾ?" ಎಂದೆ.

ಇಲ್ಲ ಎಂದು ತಲೆಯಾಡಿಸಿದಳು. ಬೇಜಾರಿನ ವಿಷಯ ಹೇಳಿದಾಗ ಆರನೇ ಸಾಲು ಹೇಳುವುದಿಲ್ಲವಂತೆ. ಎರಡನೆಯದನ್ನೇ ಮತ್ತೆ ಹೇಳುತ್ತಾಳಂತೆ. ಹೇಗಿದ್ದೀರಾ. ಸೂಜಿ ಚುಚ್ಚಿದ ದಿನ ಅದನ್ನೇ ನಾಲ್ಕು ಸಲ ಕೇಳಿದಳಂತೆ.

"ನಿನಗೆ ಅರ್ಥವಾಗುತ್ತೆ ಅಂತ ಅಜ್ಜಿಗೆ ಯಾಕೆ ಹೇಳಲಿಲ್ಲ? ನನಗಾದರೂ ಯಾಕೆ ಹೇಳಲಿಲ್ಲ?"

ಕಾಗದದಲ್ಲಿ ಅದು ಇರಲಿಲ್ಲ ಎಂದಳು ಮೊದಲು. ಆಮೇಲೆ ಸ್ವಲ್ಪ ಯೋಚಿಸಿ, ನನಗೆ ತಿಳಿಯುತ್ತೆ ಅಂತ ಗೊತ್ತಾದರೆ ಅಜ್ಜಿ ಹೇಳುವುದನ್ನು ನಿಲ್ಲಿಸಿಬಿಡುತ್ತಾರೆ ಎಂದಳು. ಭೂತಗನ್ನಡಿ ನೋಡಿದರೆ ಅಜ್ಜಿಗೆ ಗೊತ್ತಾಗುವುದಿಲ್ಲವೇ ಎಂದೆ. ಅದು ಆಟದ ಸಾಮಾನು ಅಂದುಕೊಳ್ಳುತ್ತಾರೆ ಎಂದಳು. ಎಲ್ಲ ಲೆಕ್ಕ ಹಾಕಿಯೇ ಅದನ್ನು ಬಾದಾಮಿಯ ಅಡಿಗೆ ಇಟ್ಟಿದ್ದಳು.

ಕನ್ನಡ ಬಾರದ ನನ್ನ ಮಗಳು, ಒಬ್ಬ ಮುದುಕಿಯ ಕಷ್ಟವನ್ನು ಕನ್ನಡದಲ್ಲಿ ಕೇಳಿಸಿಕೊಂಡು, ಕನ್ನಡದಲ್ಲೇ ಗುಟ್ಟು ಕಾಪಾಡಿದ್ದಳು. ಕನ್ನಡ ಬರುವ ನಾನು ಪ್ರತಿ ವಾರ ಎಲ್ಲರೂ ಆರಾಮ ಎಂದು ತಿಳಿದು ಫೋನು ಇಟ್ಟಿದ್ದೆ.

ಭೂತಗನ್ನಡಿಯನ್ನು ಮತ್ತೆ ಬಾದಾಮಿಯ ಕೆಳಗೆ ಇಟ್ಟು ಕೆಳಗಿನ ಮನೆಗೆ ಹೋದೆ. ಪೆಟ್ಟಿಗೆ ತುಂಬುತ್ತಿದ್ದಳು. ಎಲ್ಲ ಹೇಳಿದೆ. ಅವಳು ಆಶ್ಚರ್ಯಪಡಲೇ ಇಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. "ನಿಮ್ಮ ಅವ್ವಗ ಗೊತ್ತಾಗಬಾರದಲ್ರಿ ಹುಡುಗಿ ಹೇಳಿದ್ದು? ನಾ ನೋಡಿದ ಕೂಡಲೇ ಕಂಡ್ಹಿಡದೆ ಅಂತೀನಿ. ದವಾಖಾನಿಗೆ ನಾನ ಕರಕೊಂಡ್ ಹೊಕ್ಕೀನಿ. ನಮ್ಮ ಅಬ್ಬಾಗೂ ಆಗಿತ್ತು, ಮರುದಿನ ಮನೀಗೆ ಕಳಿಸ್ತಾರ" ಎಂದಳು. ಸರಿಯಾದ ಕನ್ನಡ ಮಾತಾಡು ಎಂದು ನಾನು ಯಾರಿಗೆ ಹೇಳಿದ್ದೆನೋ ಅವಳಿಗೆ, ಆ ದಿನ, ಥ್ಯಾಂಕ್ಸ್ ಎನ್ನುವುದು ಬಿಟ್ಟು ಬೇರೆ ಏನೂ ಹೊಳೆಯಲಿಲ್ಲ.

ಹೇಳಿದಂತೆಯೇ ಮಾಡಿದಳು. ಮದುವೆಯ ಗಡಿಬಿಡಿಯಲ್ಲೂ ಅವ್ವನನ್ನು ಆಟೋದಲ್ಲಿ ಕೂರಿಸಿಕೊಂಡು ಹೋಗಿ ತೋರಿಸಿದಳು. ಪೊರೆ, ತೆಗೆದರೆ ಸರಿಹೋಗುತ್ತದೆ ಎಂದರು ಡಾಕ್ಟರು. ಕಣ್ಣು ಸರಿಹೋಗುವುದಾದ್ದರಿಂದ ಮಿಷನ್ನು ಸಾಗಹಾಕುವ ನೆಪ ಅಣ್ಣನಿಗೆ ಸಿಗಲಿಲ್ಲ. ಎಡಗಣ್ಣಿನ ಆಪರೇಷನ್ನು ಆಯಿತು. ಅಣ್ಣ ಫೋನಿನಲ್ಲಿ, "ಅವ್ವ ನಮಗ ಒಂದ್ ಮಾತು ಹೇಳಬಾರದೇನು" ಎಂದು ಕೂಗಾಡಿದ. ಒಂದೇ ಮನೆಯಲ್ಲಿದ್ದು ಕಾಣದವನು ಹಾಗೆ ಕೂಗಾಡುವುದನ್ನು ಕೇಳಿ ನನಗೆ ರೇಗಿತು. ಬಾಯಿಯವರೆಗೂ ಬಂದ ಮಾತನ್ನು ನುಂಗಿಕೊಂಡೆ. ನನ್ನ ಮುಖದಲ್ಲೂ ಎರಡು ಕಣ್ಣಿದ್ದವು.

ಪಟ್ಟಿ ಬಿಚ್ಚಿದ ಮೇಲಿನ ಶನಿವಾರ ಎಂದಿನಂತೆ ಫೋನು ಹಚ್ಚಿದೆ. ಆ ಸಲ ನಾನು ಮೊದಲು ಮಾತಾಡದೆ ಮಗಳ ಕೈಗೆ ಕೊಟ್ಟೆ. ಬೆಡ್‌ರೂಮಿನಲ್ಲಿ ಇನ್ನೊಂದು ಫೋನಿತ್ತು. ಅಲ್ಲಿಗೆ ಹೋಗಿ ಬಾಗಿಲು ಹಾಕಿಕೊಂಡು, ಮೆಲ್ಲನೆ ಎತ್ತಿ, ಮಾತಾಡುವ ಬದಿಗೆ ಕೈ ಮುಚ್ಚಿಕೊಂಡೆ. ಕದ್ದು ಕೇಳುವುದು ಹೀನ ಕೆಲಸ ಎಂದು ನನಗೂ ಗೊತ್ತು. ಆದರೆ ಅವ್ವ ನಿಜ ಹೇಳುವ ಜಾಗ ಅದೊಂದೇ ಉಳಿದಿತ್ತು.

"ಕೂಸ," ಎನ್ನುತ್ತಿದ್ದಳು ಅವ್ವ, "ನೀ ಕಳಿಸಿದ ಭೂತಗನ್ನಡಿ ಬಂತು. ಯಾಕ ಕಳಿಸಿದಿ ಅಂತ ನಾ ಕೇಳೂದಿಲ್ಲ. ನೀ ಹೇಳೂದೂ ಬ್ಯಾಡ. ಈಗ ದಾರಾ ನಾನ ಪೋಣಸತೀನಿ. ಮಿಷನ್ನು ಬಾಗಲದಾಗ ಐತಿ."

ಮಗಳು, "ಹೌದಾ, ತುಂಬಾ ಸಂತೋಷ" ಎಂದಳು. ಆರನೆಯ ಸಾಲನ್ನು ಸರಿಯಾದ ಜಾಗದಲ್ಲಿ ಇಟ್ಟಿದ್ದಳು.

"ಇನ್ನೊಂದ್ ಮಾತು ಹೇಳತೀನಿ, ಇದನ್ನರ ಯಾರಿಗೂ ಹೇಳಬ್ಯಾಡ" ಎಂದು ಅವ್ವ ಧ್ವನಿ ಇಳಿಸಿದಳು. "ನಿಮ್ಮವ್ವ ವಾರಾ ವಾರಾ ಫೋನ್ ಮಾಡತಾಳ. ಹೇಗಿದ್ದೀರಾ ಅಂತಾಳ. ತಿಂಡಿ ಆಯ್ತಾ ಅಂತಾಳ. ಔಷಧಿ ತಗೊಳ್ಳಿ ಅಂತಾಳ. ಇಲ್ಲಿ ಎಲ್ಲಾ ಚೆನ್ನಾಗಿದೆ, ಫೋನ್ ಇಡ್ಲಾ ಅಂತಾಳ. ಹತ್ತು ವರ್ಷಾತು, ಅವ ನಾಕು ಮಾತು. ಮೊದಲ ನನಗ 'ನೀ' ಅಂತಿದ್ಲು, ಜಗಳಾ ಮಾಡತಿದ್ಲು, ಸಿಟ್ಟಿಗೆದ್ದು ಫೋನ್ ಕುಕ್ಕತಿದ್ಲು. ಈಗ 'ನೀವು' ಅಂತಾಳ, ಬ್ಯಾಂಕಿನ ಬಾಯಾರ್ ಅಂದಂಗ. ನಿನಗ ಕಾಗದದ ಮ್ಯಾಲ ಬರದ್ ಕೊಟ್ಟಾಳಂತ, ನಿಮ್ಮ ಕೆಳಗಿನ ಮನೀ ಹುಡುಗಿ ಹೇಳಿದ್ಲು. ಪಾಪ, ನಿಂದ್ ಬಿಡು, ನೀ ಸಣ್ಣಾಕಿ. ಆಕಿಗೆ ಯಾರ್ ಬರದ್ ಕೊಟ್ಟಾರ?"

ಮಗಳು ಕಾಗದದಲ್ಲಿ ಹುಡುಕುತ್ತಿದ್ದಾಳೆ ಎಂದುಕೊಂಡೆ.

"ನಂಗ ಗೊತ್ತಿಲ್ಲ ಅಜ್ಜಿ" ಎಂದಳು ಮಗಳು.

ಅವ್ವ ಮೂಗು ಎಳೆದುಕೊಂಡ ಸದ್ದು ಕೇಳಿತು. ಆಮೇಲೆ ಮಗಳು ಎಂಟನೆಯ ಸಾಲು ಹೇಳಿ, ಅಡುಗೆಮನೆಯಿಂದ ನನ್ನನ್ನು ಕೂಗಿದಳು.

ನಾನು ಕೈಯಲ್ಲಿದ್ದ ಫೋನನ್ನು ಸದ್ದಾಗದಂತೆ ಇಟ್ಟು, ಮುಖ ಒರೆಸಿಕೊಂಡು ಹೋದೆ. ಮಗಳು ಫೋನು ಚಾಚಿಕೊಂಡು ನಿಂತಿದ್ದಳು. ತೆಗೆದುಕೊಂಡು ಕಿವಿಗಿಟ್ಟೆ. "ಹೇಗಿದ್ದೀರಾ" ಎಂಬುದು ತುಟಿಯವರೆಗೆ ಬಂತು, ತಡೆದೆ. "ಅವ್ವಾ" ಎಂದೆ. "ಹೂಂ, ಹೇಳವಾ" ಎಂದು ಆ ಕಡೆ ಅವ್ವ ಕಾದಳು. ಮುಂದೆ ಏನು ಹೇಳಬೇಕೆಂದು ತಿಳಿಯದೆ ನಾನು ಗೋಡೆಯ ಮೇಲಿನ ಕಾಗದ ನೋಡಿದೆ.